ನೀರಿನ ಗೂನು ಬಿಡಿಸಿದ ಮಂಜುಳಮ್ಮ

ಹಲಸೂರಿನ ಆ ಹೆಣ್ಣುಮಕ್ಕಳ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಂಜುಳಮ್ಮನಿಗೆ ಗೊತ್ತಿಲ್ಲದ ಸೀಸೆ ಒಂದೂ ಇರಲಿಲ್ಲ. ಓದಿದ್ದು ಏಳನೇ ಕ್ಲಾಸು, ಅಟೆಂಡರ್ ಕೆಲಸ ಹನ್ನೊಂದು ವರ್ಷ. ಪಿಪೆಟ್ ಒಡೆದ ಹುಡುಗಿ ಲೆಕ್ಚರರಿಗಿಂತ ಮೊದಲು ಇವರಿಂದ ಬೈಸಿಕೊಳ್ಳಬೇಕು. ಇಷ್ಟಾದರೂ ಕೆಲಸ ಖಾಯಂ ಆಗಿರಲಿಲ್ಲ ನೋಡಿ. ತೊಂಬತ್ತೇಳರ ದಸರಾ ರಜಕ್ಕೆ ಮುಂಚೆ ಪ್ರಿನ್ಸಿಪಾಲರು ಕರೆದು ಹೇಳಿಯೇಬಿಟ್ಟರು:

"ರಜ ಮುಗಿದ ಮೇಲೆ ಇನ್‌ಸ್ಪೆಕ್ಷನ್ ಇದೆ. ಅವರು ಒಪ್ಪಿ ಬರೆದ್ರೆ ನೀವು ಲ್ಯಾಬಲ್ಲೇ ಖಾಯಂ. ಇಲ್ದಿದ್ರೆ ಪಿಯುಸಿ ಪಾಸಾದೋರನ್ನ ತಗೋತೀವಿ, ನೀವು ಗೇಟು ಕಾಯೋಕೆ ಹೋಗ್ಬೇಕಾಗತ್ತೆ."

ಗೇಟಂತೆ ಗೇಟು! ಮಂಜುಳಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಆಯುಧಪೂಜೆಗೆ ಲ್ಯಾಬನ್ನು ಅವರು ತೊಳೆದ ಪರಿ ನೋಡಬೇಕಿತ್ತು. ತಕ್ಕಡಿಗೆ ವಿಭೂತಿ, ಬರ್ನರಿಗೆ ಕುಂಕುಮ, ಬ್ಯೂರೆಟ್ ಸ್ಟ್ಯಾಂಡಿಗೆ ಚೆಂಡು ಹೂವು. ಕೊನೆಗೆ ಆ ವರ್ಷವಷ್ಟೇ ಹೊಸದಾಗಿ ಬಂದಿದ್ದ ಅಣುಗಳ ಮಾದರಿಯ ಪೆಟ್ಟಿಗೆ ತೆಗೆದರು. ಕೆಂಪು ಗುಂಡಿನ ಎರಡು ಪಕ್ಕಕ್ಕೆ ತಂತಿಯಲ್ಲಿ ಸಿಕ್ಕಿಸಿದ ಎರಡು ಬಿಳಿ ಗುಂಡು, ಅದು ನೀರು. ಇಪ್ಪತ್ತಕ್ಕೆ ಇಪ್ಪತ್ತೂ ಸೊಂಟ ಬಗ್ಗಿಸಿಕೊಂಡು ಕೂತಿದ್ದವು! ಪಕ್ಕದ ಕಾರ್ಬನ್ ಡೈಆಕ್ಸೈಡು ನೋಡಿದರೆ ಸ್ಕೇಲಿನ ಹಾಗೆ ನೆಟ್ಟಗೆ.

"ಥೂ, ಈ ಹುಡುಗೀರ ಕೈ ಮುರಿಯಾ," ಎಂದು ಬೈಯುತ್ತ ಒಂದೊಂದನ್ನೂ ಎಳೆದು ನೆಟ್ಟಗೆ ಮಾಡಿ, ಕುಂಕುಮವಿಟ್ಟು ಕೈ ಮುಗಿದರು.

ಇನ್‌ಸ್ಪೆಕ್ಷನ್ನಿಗೆ ಬಂದವರು ಬೈಲಪ್ಪ ಎನ್ನುವವರು. ಕೆದರಿದ ಕೂದಲು, ಗಂಟು ಹಾಕಿದ ಮುಖ. ಪ್ರಿನ್ಸಿಪಾಲರು, ಹುಡುಗಿಯರು ಎಲ್ಲ ನಿಂತಿರುವಾಗಲೇ ಪೆಟ್ಟಿಗೆ ತೆರೆದು ಸಿಡಿದರು. "ಏನ್ರೀ ಇದು? ನೀರನ್ನ ನೆಟ್ಟಗೆ ಮಾಡಿದೋರು ಯಾರು?"

ಲೆಕ್ಚರರ್ ಪ್ರತಿಭಾ ಮೇಡಮ್ ಬೆಪ್ಪಾದರು. ಮಂಜುಳಮ್ಮ ಸುಮ್ಮನಿದ್ದರೆ ತಪ್ಪು ಯಾವುದೋ ಹುಡುಗಿಯ ತಲೆಗೆ ಬರುತ್ತಿತ್ತು. ಆದರೆ ಅವರು ಅಂಥ ಹೆಂಗಸಲ್ಲ.

"ನಾನೇ ಸಾರ್. ಯಾರೋ ಬಗ್ಗಿಸಿದ್ದಾರೆ ಅಂದ್ಕೊಂಡೆ."

"ಹನ್ನೊಂದು ವರ್ಷದಿಂದ ಇಲ್ಲಿದ್ದೀರಂತೆ. ನೀರು ಯಾಕೆ ಬಗ್ಗಿರತ್ತೆ ಗೊತ್ತಿಲ್ವಾ?"

ಪ್ರತಿಭಾ ಮೇಡಮ್ ಮೆಲ್ಲಗೆ ಮಂಜುಳಮ್ಮನಿಗೆ ಹೇಳಿಕೊಟ್ಟರು. "ನಡುವಿನ ಆಕ್ಸಿಜನ್ನು ಎರಡು ಹೈಡ್ರೋಜನ್ನಿಂದಲೂ ಎಲೆಕ್ಟ್ರಾನ್ ತನ್ನ ಕಡೆ ಎಳ್ಕೊಳ್ಳತ್ತೆ. ನೆಟ್ಟಗಿದ್ರೆ ಎರಡು ಎಳೆತಾನೂ ವಜಾ ಆಗೋಗತ್ತೆ. ಬಗ್ಗಿರೋದ್ರಿಂದ ಒಂದು ಮಗ್ಗುಲು ಮೈನಸ್ಸು, ಇನ್ನೊಂದು ಪ್ಲಸ್ಸು. ಒಂದು ನೀರಿನ ಮೈನಸ್ಸು ಪಕ್ಕದ ನೀರಿನ ಪ್ಲಸ್ಸನ್ನ ಹಿಡ್ಕೊಂಡಿರತ್ತೆ. ಇಲ್ದಿದ್ರೆ ಎಲ್ಲಾ ಆವಿಯಾಗಿ ಹಾರಿಹೋಗ್ತಿತ್ತು."

"ಓ! ನಮ್ಮ ಬೀದಿ ನಲ್ಲಿ ಜಗಳ ಅನ್ನಿ," ಎಂದರು ಮಂಜುಳಮ್ಮ. "ಇಬ್ರು ಎದುರುಬದುರು ನಿಂತು ಬಿಂದಿಗೆ ಎಳೆದ್ರೆ ಬಿಂದಿಗೆ ಅಲ್ಲೇ ಇರತ್ತೆ. ಇಬ್ರೂ ಒಂದೇ ಪಕ್ಕಕ್ಕೆ ಬಂದು ಎಳೆದ್ರೆ ಹೊರಟೇ ಹೋಗತ್ತೆ!"

ಹುಡುಗಿಯರು ಕಿಸಕ್ಕೆಂದರು. ಬೈಲಪ್ಪನವರು ಮಾತ್ರ ನಗಲಿಲ್ಲ. "ಬಾಯಲ್ಲಿ ಹೇಳಿದ್ರೆ ಆಯ್ತಾ? ತೋರಿಸಿ."

ತೋರಿಸುವುದಕ್ಕೇನು, ಬಾಚಣಿಗೆಯಿಂದ ನೀರಿನ ಧಾರೆ ಎಳೆಯುವ ಪ್ರಯೋಗಕ್ಕೆ ಪ್ರತಿವರ್ಷ ಸಾಮಾನು ಜೋಡಿಸುತ್ತಿದ್ದವರು ಅವರೇ. ಒಂದು ಬ್ಯೂರೆಟ್ಟಿಗೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ದಾರದಷ್ಟು ಸಣ್ಣಗೆ ಬಿಟ್ಟರು. ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿಕೊಂಡು ನೀರಿನ ಬಳಿ ಹಿಡಿದರು. ಊಹೂಂ, ನೀರು ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಬೆಳಿಗ್ಗೆಯೇ ಎಣ್ಣೆ ಹಚ್ಚಿದ ತಲೆ, ಬಾಚಣಿಗೆಯೆಲ್ಲ ಜಿಡ್ಡು; ಒಣ ಕೂದಲಿಗೆ ಉಜ್ಜಿದರೆ ತಾನೆ ಬಾಚಣಿಗೆಗೆ ಕರೆಂಟು ಹತ್ತುವುದು! ಪ್ರಿನ್ಸಿಪಾಲರ ಮುಖ ಸಣ್ಣಗಾಯಿತು. ಗೇಟಿನ ಬಿಸಿಲು ಮಂಜುಳಮ್ಮನ ಕಣ್ಣಿಗೆ ಕಟ್ಟಿತು.

ಬಾಚಣಿಗೆಗೆ ಸೋಪು ಹಾಕಿ ಉಜ್ಜಿ ಒರೆಸಿ, ಸುತ್ತ ನೋಡಿದರು. ಹುಡುಗಿಯರದು, ಮೇಡಮ್ಮರದು, ಎಲ್ಲ ತಲೆಯೂ ಎಣ್ಣೆಯಿಂದ ಮಿರಮಿರ. ಸರಿ, ಹೋದರೆ ಹೋಗಲಿ ಎಂದು ನೇರವಾಗಿ ಬೈಲಪ್ಪನವರ ಮುಂದೆ ಬಾಚಣಿಗೆ ಹಿಡಿದರು.

"ತಪ್ಪು ತಿಳ್ಕೋಬೇಡಿ ಸಾರ್. ಇಲ್ಲಿ ಎಣ್ಣೆ ಕಾಣದ ತಲೆ ನಿಮ್ದೊಂದೇ. ಒಂದು ಹತ್ತು ಸಲ ಬಾಚ್ಕೊಡಿ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಬೈಲಪ್ಪನವರು ಒಂದು ಗಳಿಗೆ ದುರುಗುಟ್ಟಿ ನೋಡಿ, ಬಾಚಣಿಗೆ ಇಸಿದುಕೊಂಡು ಪರಪರ ಬಾಚಿದರು. ಮಂಜುಳಮ್ಮ ಅದನ್ನು ಸೀಮೆಎಣ್ಣೆಯ ಹತ್ತಿರ ತಂದರು, ಧಾರೆ ಜಗ್ಗಲಿಲ್ಲ. ನೀರಿನ ಹತ್ತಿರ ತಂದರೆ, ಅಬ್ಬಾ, ಧಾರೆ ಬಳುಕಿ ಬಾಚಣಿಗೆಯ ಕಡೆಗೇ ಬಂತು! ಹುಡುಗಿಯರ ಚಪ್ಪಾಳೆಗೆ ಕಿಟಕಿ ಗಾಜು ಅದುರಿತು. ಕೂದಲು ನೆಟ್ಟಗೆ ನಿಂತ ಬೈಲಪ್ಪನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಪುಸ್ತಕ ತೆರೆದು ಬರೆದರು. ಪ್ರಿನ್ಸಿಪಾಲರು ಗಟ್ಟಿಯಾಗಿ ಓದಿದರು: "ನೀರಿನ ಮಾದರಿಗಳನ್ನು ಕೂಡಲೇ ಬಗ್ಗಿಸತಕ್ಕದ್ದು. ಮಂಜುಳಮ್ಮನವರನ್ನು ಲ್ಯಾಬಿನಿಂದ ಕದಲಿಸಕೂಡದು."

ಮಂಜುಳಮ್ಮ ಲ್ಯಾಬಿನ ಬೀಗದ ಕೈಯನ್ನು ಎದೆಗೊತ್ತಿಕೊಂಡು, ಎಲ್ಲರೆದುರೇ ಗಳಗಳನೆ ಅತ್ತುಬಿಟ್ಟರು.