ಆರರ ಬದಲು ಏಳು

ಸವಣೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಟೈಪಿಸ್ಟ್ ಇಸ್ಮಾಯಿಲಸಾಬ ಯಂತ್ರದಿಂದ ಹಾಳೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಎದುರಿಗೆ ಪತ್ನಿ ಮುಮ್ತಾಜಬೇಗಂ ಅಚ್ಚಾದ ಮಸೂದೆಯನ್ನು ಗಟ್ಟಿಯಾಗಿ ಓದುತ್ತಾರೆ.

"ಖಂಡ ಮೂರು, ಸಾಲು ಎರಡು."

"ಇನ್ನೊಮ್ಮೆ ಓದು."

"ಮೂರು ಸಲ ಆತಲ್ಲರಿ!"

"ಆಗ್ಲಿ, ಓದು."

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಶಾಸಕರು ಮಸೂದೆಗಳಿಗೆ ಸೂಚಿಸುವ ತಿದ್ದುಪಡಿಗಳ ನೋಟೀಸು ಬಹುಪಾಲು ಸಿದ್ಧವಾಗುವುದು ಈ ಕೋಣೆಯಲ್ಲೇ. ಅಧಿವೇಶನಕ್ಕೆ ನಲವತ್ತರ ಮೇಲೆ. ಚರ್ಚೆಗೆ ಒಂದು ದಿನ ಮೊದಲೇ ಬೆಂಗಳೂರು ಮುಟ್ಟಬೇಕು. ಯಾವ ಖಂಡದ ಯಾವ ಪದ ತೆಗೆದು ಏನು ಸೇರಿಸಬೇಕೆಂಬುದು ಸ್ಪಷ್ಟವಾಗಿರಬೇಕು. ಸದನದ ನಿಯಮಗಳೆಲ್ಲ ಇವರಿಗೆ ಬಾಯಿಪಾಠ. ಅದನ್ನು ಹೊಗಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ.

"ಬ್ಯಾಡ್ರಿ. ಕಲತದ್ದು ತಪ್ಪು ಮಾಡಿದ ಮ್ಯಾಲೆ."

ಅದು ೧೯೭೪ರ ಮಾತು. ಸಂತೆಗಳ ಮಸೂದೆಯೊಂದು ಬಂದಿತ್ತು. ಕಟ್ಟೆಯ ಪರವಾನಗಿ ಇಲ್ಲದವರು ಸಂತೆಯಲ್ಲಿ ಕೂರುವಂತಿಲ್ಲ ಎನ್ನುತ್ತಿತ್ತು ಅದರ ಆರನೇ ಖಂಡ. ಬುಟ್ಟಿ ಹೊತ್ತು ಮಾರುವವರನ್ನು ಬಿಡಬೇಕೆಂದು ತಿದ್ದುಪಡಿ ಬರೆಸಿದವರು ಶಾಸಕ ಹೊಳಬಸಪ್ಪ. ಬಸ್ಸು ಹೊರಡುವ ಹೊತ್ತು. ಇಸ್ಮಾಯಿಲಸಾಬ ಆರರ ಬದಲು ಏಳು ಹೊಡೆದರು, ತಾಳೆ ನೋಡಲಿಲ್ಲ. ಶಾಸಕರು ನಂಬಿ ಸಹಿ ಹಾಕಿದರು.

ಸದನದಲ್ಲಿ ಖಂಡಗಳನ್ನು ಒಂದೊಂದಾಗಿ ಮತಕ್ಕೆ ಹಾಕುತ್ತಾರೆ. ಆರಕ್ಕೆ ತಿದ್ದುಪಡಿಯೇ ಕಾಣದೆ ಅದು ಹಾಗೇ ಅಂಗೀಕಾರವಾಯಿತು. ಏಳಕ್ಕೆ ಹೊಳಬಸಪ್ಪ ಎದ್ದರೆ, ಈ ಖಂಡಕ್ಕೂ ನಿಮ್ಮ ತಿದ್ದುಪಡಿಗೂ ಸಂಬಂಧವಿಲ್ಲ, ಮುಗಿದ ಖಂಡಕ್ಕೆ ಮರಳುವಂತಿಲ್ಲ ಎಂದು ಸಭಾಧ್ಯಕ್ಷರು ಕೂರಿಸಿದರು.

ಊರಿಗೆ ಬಂದ ಶಾಸಕರು ಕೇಳಿದ್ದು ಒಂದೇ: "ಮಸೂದಿ ಅಚ್ಚಿನ್ಯಾಗ ತಪ್ಪಿತ್ತೇನೋ ಇಸ್ಮಾಯಿಲ?"

"ಇದ್ದಿರಬೇಕ್ರಿ, ಸಾಹೇಬ್ರ."

ಆ ಮಾತು ನಂಬಿ ಹೊಳಬಸಪ್ಪ ಊರೂರಲ್ಲಿ ಅಚ್ಚಿನವರನ್ನು ದೂರಿದರು. ಎದುರಾಳಿಗಳು ಆರು ಎಂದೇ ಸರಿಯಾಗಿ ಅಚ್ಚಾಗಿದ್ದ ಮಸೂದೆಯ ಪ್ರತಿ ಎತ್ತಿ ತೋರಿಸಿ ಸುಳ್ಳುಗಾರ ಎಂದು ನಕ್ಕರು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಅತ್ತ ಹಿರೇಕೆರೂರು ಸಂತೆಯಿಂದ ಅಬಲೂರಿನ ಹುಚ್ಚವ್ವನನ್ನು ಸೊಪ್ಪಿನ ಬುಟ್ಟಿಸಮೇತ ಎಬ್ಬಿಸಿದರು.

"ಸತ್ಯ ಹೇಳಾಕ ಒಂಬತ್ತು ವರ್ಷ ಇದ್ದೂವು. ಹೊಳಬಸಪ್ಪನೋರ ಮನಿ ಬಾಗಲತನ ಹೋಗಿ ಹೊಳ್ಳಿ ಬಂದೇನಿ. ಅವರು ಸತ್ತ ದಿನಾ ಮಣ್ಣಿಗೆ ಹೋದೆ. ಅಲ್ಲೂ ಬಾಯಿ ಬರ್ಲಿಲ್ಲ."

ಆ ಕಾಯ್ದೆ ಮತ್ತೆ ಸದನಕ್ಕೆ ಬಂದದ್ದು ೧೯೮೬ರಲ್ಲಿ. ಹೊಸ ಶಾಸಕರ ಬೆನ್ನು ಹತ್ತಿ ಅದೇ ತಿದ್ದುಪಡಿ ಬರೆಸಿದ ಇಸ್ಮಾಯಿಲಸಾಬ, ಈ ಸಲ ನೋಟೀಸನ್ನು ತಾವೇ ಬೆಂಗಳೂರಿಗೆ ಒಯ್ದರು. ಯಾರೂ ವಿರೋಧಿಸಲಿಲ್ಲ, ಎರಡು ನಿಮಿಷದಲ್ಲಿ ಪಾಸಾಯಿತು. ಮರುದಿನ ಅಬಲೂರಿಗೆ ಹೋಗಿ ಹುಚ್ಚವ್ವನೆದುರು ಎಲ್ಲ ಒಪ್ಪಿಕೊಂಡರು.

ಹನ್ನೆರಡು ವರ್ಷ ಹಳ್ಳಿ ಹಳ್ಳಿ ಸುತ್ತಿ ಮಾರಿದ ಆಕೆಗೆ ಅಷ್ಟರಲ್ಲಿ ಎದ್ದು ನಿಲ್ಲಲೂ ಗೋಡೆ ಬೇಕಿತ್ತು. "ಆವಾಗ ಹೇಳಿದ್ರ ಬೈತಿದ್ದೆ ತಮ್ಮಾ," ಎಂದಳು. "ಈಗ ಸಂತಿ ತಗೊಂಡು ಏನ್ ಮಾಡ್ಲಿ?"

ಇದನ್ನು ಹೇಳುವಾಗ ಇಸ್ಮಾಯಿಲಸಾಬ ನಮ್ಮ ಮುಖ ನೋಡುವುದಿಲ್ಲ. ಪತ್ರಿಕೆಗೆ ಫೋಟೊ ಬೇಡವೆನ್ನುತ್ತಾರೆ. ಬೇರೇನಾದರೂ ಆಸೆ?

"ಹೊಳಬಸಪ್ಪನೋರು ಸುಳ್ಳು ಹೇಳಿದ್ದಿಲ್ಲ, ನಾ ಹೇಳಿದ್ದೆ ಅಂತ ಬರೀರಿ. ಅವರ ಮಕ್ಕಳು ಪೇಪರ್ ಓದ್ತಾರ."