ಎಡಗಡೆಯ ಚುಕ್ಕಿಗಳು

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಪೋರ್ಷನ್ನಿನಲ್ಲಿದ್ದ ಆಕೆ ಮಾತಾಡುತ್ತಲೇ ಕಾಲಿನ ಮೀನಖಂಡ ಒತ್ತಿ ನೋಡಿಕೊಳ್ಳುತ್ತಿದ್ದರು. ಮೈಯೇ ಮೈಯ ಮೇಲೆ ತಿರುಗಿಬಿದ್ದು ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಚಳಿಯ ಬೆಳಿಗ್ಗೆ ಅವರ ಮುಂಗೈ ಮೇಲೆ ನೇರಳೆ ಬಣ್ಣದ ಬಲೆಯೊಂದು ಮೂಡುತ್ತಿತ್ತು, ಬಿಸಿಲೇರಿದರೆ ಮಾಯ. ನಾನು ಅದನ್ನೇ ನೋಡುತ್ತಿದ್ದರೆ, "ನನ್ನ ರಕ್ತಕ್ಕೆ ಅಲ್ಲಲ್ಲಿ ನಿಂತ್ಕೊಳ್ಳೋ ಚಟ ಕಣ್ರೀ," ಎನ್ನುತ್ತಿದ್ದರು, ದಾರಿಯಲ್ಲಿ ಸಿಕ್ಕವರ ಜೊತೆಗೆಲ್ಲ ಹರಟುವ ಗಂಡನನ್ನು ದೂರುವ ಹಾಗೆ.

ಅವರ ಚುಕ್ಕಿ ರಂಗೋಲಿಯಲ್ಲಿ ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೊರಟವಳು ಅಲ್ಲೇ ನಿಂತೆ. ಚುಕ್ಕಿಗಳೆಲ್ಲ ಇದ್ದವು, ಎಳೆಗಳು ಬಲಗಡೆಗೆ ಮಾತ್ರ. ಎಡಗಡೆಯ ಚುಕ್ಕಿಗಳು ಒಂಟೊಂಟಿಯಾಗಿ ಉಳಿದಿದ್ದವು. ಆಕೆ ಕೈಗಂಟಿದ ಪುಡಿ ಕೊಡವಿಕೊಳ್ಳುತ್ತಿದ್ದರು.

"ಯಾಕ್ರೀ, ಅರ್ಧಕ್ಕೇ ಬಿಟ್ಬಿಟ್ರಿ?"

ಆಕೆ ರಂಗೋಲಿಯನ್ನೊಮ್ಮೆ ನೋಡಿದರು. "ಎಲ್ಲಿ ಅರ್ಧ? ಮುಗೀತಲ್ಲ," ಎಂದು ನಕ್ಕರು. ಆ ನಗುವೂ ಬಲಗಡೆಗಷ್ಟೇ ಬಂತು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಎಡಗಡೆ ಇರುವುದು ಅವರ ಗಮನಕ್ಕೇ ಬರುತ್ತಿಲ್ಲ ಎಂದರು ಡಾಕ್ಟರು. ಬೇಗ ಹೋಗಿದ್ದರಿಂದ ಉಳಿದರು. ಕೆಲವು ವಾರಗಳಲ್ಲೇ ಮತ್ತೆ ಬಾಗಿಲ ಮುಂದೆ ಕೂತು ರಂಗೋಲಿ ಹಾಕತೊಡಗಿದರು. ಆದರೆ ದಿನವೂ ಮುಗಿಸಿದ ಮೇಲೆ ನನ್ನ ಬಾಗಿಲು ತಟ್ಟುತ್ತಿದ್ದರು.

"ಸ್ವಲ್ಪ ಬಂದು ನೋಡ್ರೀ, ಪೂರ್ತಿ ಇದ್ಯಾ?"

"ಪೂರ್ತಿ ಇದೆ," ಎಂದು ನಾನು ಹೇಳಿದ ಮೇಲೆಯೇ ಅವರು ಒಳಗೆ ಹೋಗುತ್ತಿದ್ದುದು.

ಅವರೀಗ ಕೆಂಗೇರಿಯಲ್ಲಿ ಮನೆ ಮಾಡಿದ್ದಾರೆ. ನಾನು ಬೆಳಿಗ್ಗೆ ನನ್ನ ಬಾಗಿಲಿಗೆ ರಂಗೋಲಿ ಹಾಕಿ, ಎದ್ದು ನಿಂತು, ಬಹಳ ಹೊತ್ತು ನೋಡುತ್ತೇನೆ. ಪೂರ್ತಿಯಾಗಿಯೇ ಕಾಣುತ್ತದೆ. ಅವತ್ತು ಆಕೆಗೂ ಹಾಗೇ ಕಂಡಿತ್ತು.