ಎದುರು ಮನೆಯಲ್ಲಿಟ್ಟ ಪಾಸ್‌ಪೋರ್ಟ್

೨೦೦೯ರ ಆಗಸ್ಟ್ ತಿಂಗಳು. ಹಂದಿಜ್ವರದ ಭಯಕ್ಕೆ ಬೆಂಗಳೂರಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಆ ರಜೆ ದೇವರೇ ಕೊಟ್ಟ ಹಾಗಿತ್ತು. ಅಮ್ಮನನ್ನು ಮಸ್ಕತ್‌ಗೆ ಕಳಿಸುವ ಕಾಗದಪತ್ರದ ಓಡಾಟವೆಲ್ಲ ನನ್ನ ತಲೆಯ ಮೇಲೇ ಬಿದ್ದಿತ್ತು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ನಾನು ಮತ್ತು ಅಮ್ಮ ಇಬ್ಬರೇ.

ಮಸ್ಕತ್‌ನಲ್ಲಿ ನನ್ನ ತಂಗಿ ಲತಾ ಇದ್ದಳು. ಅವಳ ಗಂಡ ಪ್ರಕಾಶ ಅಲ್ಲಿ ಒಂದು ಕಂಪನಿಯಲ್ಲಿ ಎಸಿ ರಿಪೇರಿ ಮಾಡುವವರ ಸೂಪರ್‌ವೈಸರ್. ಲತಾಗೆ ಆಗ ಏಳು ತಿಂಗಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಅಲ್ಲಿಯ ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬೇಡಿ, ವಿಮಾನ ಹತ್ತುವ ಮಾತಂತೂ ಬೇಡ ಎಂದಿದ್ದರು. ಪ್ರಕಾಶ ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮಗಳು ತವರಿಗೆ ಬರುವ ಹಾಗಿಲ್ಲದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ. ಅಮ್ಮ ಜೀವಮಾನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದಳು. ಫೋಟೋದವನು ‘ನಗಬೇಡಿ ಆಂಟಿ’ ಅಂದದ್ದಕ್ಕೆ ಅದರಲ್ಲಿ ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದಳು.

ವೀಸಾ ಬಂತು, ಶುಕ್ರವಾರದ ಟಿಕೆಟ್ ಆಯಿತು. ಇನ್ನೇನು ಮುಗಿಯಿತು ಅನ್ನುವಾಗ ಪ್ರಕಾಶ ಫೋನ್ ಮಾಡಿದ. ಅವರಿದ್ದದ್ದು ಕಂಪನಿ ಕೊಟ್ಟ ಮನೆ. ಊರಿಂದ ಯಾರೇ ಬಂದರೂ ಎದೆಯ ಎಕ್ಸ್‌ರೇ ತರಬೇಕು, ಜ್ವರ ಕೆಮ್ಮು ಇಲ್ಲವೆಂದೂ ಜ್ವರ ಇದ್ದವರ ಸಂಪರ್ಕಕ್ಕೆ ಬಂದಿಲ್ಲವೆಂದೂ ಡಾಕ್ಟರಿಂದ ಹೊರಡುವುದಕ್ಕೆ ಒಂದು ವಾರದೊಳಗಿನ ತಾರೀಖಿನಲ್ಲಿ ಬರೆಸಿಕೊಂಡು ಬರಬೇಕು ಅಂತ ಕಂಪನಿಯವರು ಹೊಸದಾಗಿ ಹೇಳಿದ್ದರು. ವಿಮಾನ ಇಳಿದಲ್ಲೂ ಅದನ್ನೇ ಬರೆಸಿ ಸಹಿ ಮಾಡಿಸಿಕೊಳ್ಳುತ್ತಾರಂತೆ. ಆ ದಿನಗಳಲ್ಲಿ ಕ್ಲಿನಿಕ್‌ಗೆ ಹೋಗುವುದೆಂದರೇ ರೋಗ ಕೊಳ್ಳಲು ಹೋದ ಹಾಗೆ. ಬಾಗಿಲ ತನಕ ಜನ. ಒಬ್ಬರು ಸೀನಿದರೆ ಸುತ್ತ ಕೂತವರೆಲ್ಲ ಅವರನ್ನು ಕಳ್ಳನನ್ನು ನೋಡಿದಂತೆ ನೋಡುತ್ತಿದ್ದರು. ಮೆಡಿಕಲ್ ಸ್ಟೋರಿನಲ್ಲಿ ಮಾಸ್ಕ್ ಮುಗಿದು ಕರ್ಚೀಫೇ ಗತಿಯಾಗಿತ್ತು. ಅಂತೂ ನಮ್ಮ ಡಾಕ್ಟರು ಅಮ್ಮನನ್ನು ಪರೀಕ್ಷೆ ಮಾಡಿ ಚೆನ್ನಾಗಿ ಬರೆದುಕೊಟ್ಟರು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ನಾನು ಉಸಿರು ಬಿಟ್ಟೆ.

ಆಗ ಅಮ್ಮನ ಪಂಚಾಂಗ ಹೊರಗೆ ಬಂತು.

“ಶುಕ್ರವಾರ ಪಡುವಣಕ್ಕೆ ಶೂಲ ಕಣೇ. ಮಸ್ಕತ್ತು ಪಡುವಣದಲ್ಲೇ ಅಲ್ವಾ ಇರೋದು?”

“ವಿಮಾನದವ್ರಿಗೆ ಹೇಳ್ತೀನಿ ಬಿಡು, ಬೇರೆ ದಿಕ್ಕಲ್ಲಿ ಸುತ್ತಾಕ್ಕೊಂಡು ಹೋಗ್ಲಿ” ಅಂದೆ.

ಅಮ್ಮ ನಗಲಿಲ್ಲ. ನಮ್ಮಲ್ಲಿ ಇದಕ್ಕೊಂದು ಪರಿಹಾರವಿದೆ, ಪರಸ್ಥಾನ ಇಡುವುದು ಅನ್ನುತ್ತಾರೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮೊದಲೇ ಒಂದು ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗಬೇಕು. ಆದರೆ ಒಂದು ಸಲ ಹೊಸಿಲು ದಾಟಿದ ಚೀಲ ತಿರುಗಿ ಮನೆಯೊಳಗೆ ಬರಬಾರದು. ಎರಡು ಸೀರೆ ಇಟ್ಟು ಬಾ ಸಾಕು ಅಂದರೂ ಅಮ್ಮ ಕೇಳಲಿಲ್ಲ. ‘ಸೀರೆ ಇಟ್ರೆ ಸೀರೆ ಪ್ರಯಾಣ ಮಾಡತ್ತೆ, ನಾನಲ್ಲ’ ಅಂತ ಪಾಸ್‌ಪೋರ್ಟ್, ಟಿಕೆಟ್, ಎಕ್ಸ್‌ರೇ, ಡಾಕ್ಟರ ಕಾಗದ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಸೋಮವಾರ ಬೆಳಿಗ್ಗೆ ಎದುರು ಮನೆಯ ಕಮಲಮ್ಮನ ದೇವರ ಕೋಣೆಯಲ್ಲಿ ಇಟ್ಟು ಬಂದಳು.

ಕಮಲಮ್ಮ ಅಮ್ಮನ ಇಪ್ಪತ್ತು ವರ್ಷದ ಗೆಳತಿ. ಅವರಿಗೂ ಗಂಡ ಇರಲಿಲ್ಲ, ಮಗ ಗಿರೀಶನ ಜೊತೆ ಇದ್ದರು. ಈ ಇಬ್ಬರು ಹೆಂಗಸರು ದಿನಕ್ಕೆ ಒಂದು ಸಲವಾದರೂ ರಸ್ತೆ ದಾಟದೆ ಇದ್ದದ್ದು ನಾನು ಕಂಡಿಲ್ಲ. ಮಂಗಳವಾರ ಕಮಲಮ್ಮನಿಗೆ ಮೈ ಬಿಸಿಯಾಯಿತು. ಅಮ್ಮ ಮೆಣಸಿನ ಕಷಾಯ ಮಾಡಿಕೊಂಡು ಹೋಗಿ ಅವರ ಹಣೆಗೆ ಅಮೃತಾಂಜನ ತಿಕ್ಕಿ, ತಲೆ ಒತ್ತುತ್ತಾ ಪಕ್ಕದಲ್ಲೇ ಕೂತಿದ್ದಳು. ಬುಧವಾರವೂ ಅಷ್ಟೇ. ಗುರುವಾರ ಬೆಳಿಗ್ಗೆ ನಾನು ಹಾಲು ತರಲು ಹೋದಾಗ ಕಮಲಮ್ಮನನ್ನು ಆಟೋದಲ್ಲಿ ಕೂರಿಸುತ್ತಿದ್ದರು. ಅವರಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ಗಿರೀಶ ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದ. ಮನೆಗೆ ಬೀಗ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಕಮಲಮ್ಮನನ್ನು ಬೇರೆ ವಾರ್ಡಿಗೆ ಹಾಕಿದ್ದಾರೆ, ಗಂಟಲಿನ ಸ್ಯಾಂಪಲ್ ಕಳಿಸಿದ್ದಾರೆ, ರಿಪೋರ್ಟ್ ಬರುವುದಕ್ಕೆ ಕೆಲವು ದಿನ ಬೇಕು. ಪಕ್ಕದ ಮನೆಯವರು ಕಮಲಮ್ಮನ ಗೇಟಿನ ಮುಂದೆ ಫಿನೈಲ್ ಸುರಿದರು. ಹಬ್ಬಕ್ಕೆ ಕಮಲಮ್ಮನಿಂದ ಒಬ್ಬಟ್ಟು ಇಸಿದುಕೊಂಡಿದ್ದವರೇ ಅವರು. ನನಗೆ ಮೈ ಉರಿದುಹೋಯಿತು, ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಮಾರನೇ ದಿನ ವಿಮಾನ. ಪಾಸ್‌ಪೋರ್ಟ್ ಆ ಬೀಗದ ಹಿಂದೆ ಇತ್ತು.

ಸ್ಕೂಟಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಗಿರೀಶ ಗೇಟಿನ ಹತ್ತಿರ ಬಂದ. ಬೀಗದ ಕೈಯನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ದೂರ ಸರಿದು ನಿಂತ.

“ಅಕ್ಕ, ಅಮ್ಮಂಗೆ ಮಾತಾಡಕ್ಕೂ ಆಗ್ತಿಲ್ಲ. ಆದ್ರೂ ಚೀಲ, ಚೀಲ ಅಂತಾವ್ರೆ. ಬೇಗ ತಗೊಂಡ್ಬಿಡಿ. ನಿಮ್ಮಮ್ಮಂಗೆ ಏನೂ ಆಗಿಲ್ಲ ಅಲ್ವಾ?”

ಏನೂ ಇಲ್ಲ ಕಣೋ ಅಂದೆ. ಅವನ ಬೆನ್ನು ತಟ್ಟಬೇಕು ಅನ್ನಿಸಿತು. ತಟ್ಟುವ ಹಾಗಿರಲಿಲ್ಲ.

ಮೂಗಿಗೆ ದುಪಟ್ಟಾ ಸುತ್ತಿಕೊಂಡು ಕಮಲಮ್ಮನ ಮನೆಯ ಬೀಗ ತೆಗೆದೆ. ನಡುಮನೆಯಲ್ಲಿ ಹಾಸಿಗೆ ಹಾಗೇ ಬಿದ್ದಿತ್ತು. ಅಮ್ಮ ಕೊಟ್ಟ ಕಷಾಯದ ಲೋಟ ಪಕ್ಕದಲ್ಲಿ. ದೇವರ ಕೋಣೆಯಲ್ಲಿ ಮಣೆಯ ಮೇಲೆ ಚೀಲ ಇತ್ತು. ಅದರ ಮೇಲೆ ಬಾಡಿದ ಮಲ್ಲಿಗೆಯ ಪಕ್ಕ ಇನ್ನೂ ಬಾಡದ ಒಂದು ಎಳೆ. ಜ್ವರದಲ್ಲಿ ಏಳಲಾಗದಿದ್ದರೂ ಆ ಹೆಂಗಸು ನನ್ನ ತಂಗಿಯ ಹೆಸರಿನಲ್ಲಿ ದಿನವೂ ಹೂವು ಇಟ್ಟಿದ್ದರು. ನಾನು ಅಲ್ಲೇ ನಿಂತು ಅತ್ತೆ.

ಚೀಲ ತಂದರೆ ಅಮ್ಮ ಒಳಗೆ ಬಿಡಲಿಲ್ಲ. ರೋಗದ ಹೆದರಿಕೆಗಲ್ಲ, ಶಾಸ್ತ್ರಕ್ಕೆ. ಜಗಲಿಯ ಮೇಲೇ ಇಡಿಸಿ, ಪಕ್ಕದಲ್ಲಿ ಕೂತು, “ಡಾಕ್ಟ್ರು ಬರ್ದಿರೋದು ಓದು” ಅಂದಳು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಜ್ವರ ಇಲ್ಲ, ಕೆಮ್ಮಿಲ್ಲ, ಜ್ವರ ಇರುವವರ ಸಂಪರ್ಕಕ್ಕೆ ಬಂದಿಲ್ಲ.

“ಹಂಗಾದ್ರೆ ಕಮಲೂ ತಲೆ ಒತ್ತಿದ್ದು ಯಾರು?”

“ಬರೆದ ದಿನ ಅದು ನಿಜಾನೇ ಅಲ್ವೇನಮ್ಮ. ಯಾರು ಬಂದು ಕೇಳ್ತಾರೆ ಈಗ?”

ಅಮ್ಮ ಎದ್ದು ಚಪ್ಪಲಿ ಹಾಕಿಕೊಂಡಳು. ಕ್ಲಿನಿಕ್‌ನಲ್ಲಿ ಅಷ್ಟು ಜನರ ಮುಂದೆ ಒಳಗೆ ಹೋಗದೆ ಬಾಗಿಲಲ್ಲೇ ನಿಂತು, “ಡಾಕ್ಟ್ರೇ, ನೀವು ಕೊಟ್ಟ ಕಾಗ್ದ ಇವತ್ತಿಗೆ ಸುಳ್ಳಾಗಿದೆ” ಅಂದಳು. ಡಾಕ್ಟರು ಹೊರಗೆ ಬಂದು ಎಲ್ಲ ಕೇಳಿಸಿಕೊಂಡರು. ರಿಪೋರ್ಟ್ ಬರುವವರೆಗೆ ಏನೂ ಹೇಳಲಾಗದು ಎಂದರು. ಆಮೇಲೆ ಹೇಳಿದರು:

“ನಿಮಗೆ ತಗಲಿದ್ರೂ ನೀವು ಹೇಗೋ ತಡ್ಕೊಂಡುಬಿಡಬಹುದು. ಆದ್ರೆ ನೀವು ಹೋಗ್ತಿರೋದು ಬಸುರಿ ಇರೋ ಮನೆಗೆ. ಈ ಜ್ವರ ಬಸುರಿಯರಿಗೆ ಬಹಳ ಕೆಟ್ಟದ್ದು. ಅಷ್ಟೇ ನನಗೆ ಗೊತ್ತಿರೋದು. ಹೋಗಿ ಅನ್ನಲ್ಲ, ಬೇಡ ಅನ್ನಲ್ಲ.”

ಹೋಗದಿದ್ದರೆ ಮಗಳು ಒಂಟಿ. ಹೋದರೆ ತಾಯಿಯೇ ರೋಗ ಹೊತ್ತುಕೊಂಡು ಹೋದಂತೆ. ಮನೆ ಮುಟ್ಟುತ್ತಿದ್ದಂತೆ ಅಮ್ಮ, “ರಿಪೋರ್ಟ್ ಬರ್ಲಿ. ಆಮೇಲೆ ಹೋಗ್ತೀನಿ” ಅಂದಳು. ನಾನು ಜಗಳ ಮಾಡಿದೆ. ಇಷ್ಟು ದಿನ ಒದ್ದಾಡಿದ್ದು ಇದಕ್ಕಾ ಅಂತ ಕೂಗಾಡಿದೆ. ಪ್ರಕಾಶನಿಗೆ ಫೋನ್ ಮಾಡಿದರೆ ಅವನು, “ಅತ್ತೆ ಹೇಳೋದೂ ಸರೀನೇ ಅಕ್ಕ. ಆದ್ರೆ ಲತಾಗೆ ಇದೆಲ್ಲ ಹೇಳ್ಬೇಡಿ, ಗಾಬರಿ ಬೀಳ್ತಾಳೆ” ಅಂದ. ಅಮ್ಮನೂ ಅದನ್ನೇ ಅಂದುಕೊಂಡಿದ್ದಳು. ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಅನ್ನುವುದು ನಮ್ಮ ಮನೆಗಳಲ್ಲಿ ಹಾಲು ಕುಡಿದಷ್ಟು ಸಹಜ.

ಲತಾಗೆ ಅಮ್ಮನೇ ಫೋನ್ ಮಾಡಿದಳು. “ಅದೇನೋ ವೀಸಾದಲ್ಲಿ ಒಂದು ಮೊಹರು ಬಾಕಿಯಂತೆ ಕಣೇ. ನಾಳೆ ಆಗಲ್ಲ, ನಾಡಿದ್ದು ಹೊರಡ್ತೀನಿ. ನೀನು ಎದ್ದು ಓಡಾಡ್ಬೇಡ” ಅಂದಳು. ಲತಾ, “ಆಯ್ತಮ್ಮ. ಬೇಗ ಬಾ” ಅಂದದ್ದು ನನಗೂ ಕೇಳಿಸಿತು. ಗುರುತು ಪರಿಚಯವಿಲ್ಲದ ಅಧಿಕಾರಿಗೆ ಒಂದು ಸುಳ್ಳು ಕಾಗದ ತೋರಿಸಲು ಒಲ್ಲದ ನನ್ನ ಅಮ್ಮ ಹೆತ್ತ ಮಗಳಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದಳು. ಆ ಹೊತ್ತಿನಲ್ಲಿ ನನಗೂ ಅದು ತಪ್ಪು ಅನ್ನಿಸಲಿಲ್ಲ.

ಶುಕ್ರವಾರ ವಿಮಾನ ಹೋಯಿತು. ಶನಿವಾರ, ಭಾನುವಾರ ಲತಾ ಫೋನ್ ಮಾಡಿದಾಗಲೆಲ್ಲ ಅಮ್ಮ ‘ನಾಳೆ’ ಅನ್ನುತ್ತಿದ್ದಳು. ಗಂಟೆಗೊಂದು ಸಲ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಜ್ವರ ಬರಲಿಲ್ಲ, ಒಂದು ಕೆಮ್ಮೂ ಬರಲಿಲ್ಲ. ಸೋಮವಾರ ಗಿರೀಶ ಫೋನ್ ಮಾಡಿದ. ರಿಪೋರ್ಟ್ ಬಂದಿತ್ತು. ಕಮಲಮ್ಮನಿಗೆ ಹಂದಿಜ್ವರ ಅಲ್ಲವೇ ಅಲ್ಲ, ನ್ಯುಮೋನಿಯ. ಈಗ ಪರವಾಗಿಲ್ಲ, ಗಂಜಿ ಕುಡಿದರು ಅಂತ ಹೇಳಿದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಟ್ರಾವೆಲ್ಸ್‌ನವರ ಹತ್ತಿರ ಓಡಿದೆ. ಬುಧವಾರಕ್ಕೆ ಸೀಟು ಸಿಕ್ಕಿತು. ಡಾಕ್ಟರು ಹೊಸ ತಾರೀಖು ಹಾಕಿ ಮತ್ತೆ ಬರೆದುಕೊಟ್ಟರು.

ಮಂಗಳವಾರ ಮಧ್ಯಾಹ್ನ ಪ್ರಕಾಶನ ಫೋನ್ ಬಂತು. ಅವನು ಅಳುತ್ತಿದ್ದ.

ಅವನು ಕೆಲಸಕ್ಕೆ ಹೋದ ಮೇಲೆ ಲತಾಗೆ ರಕ್ತ ಹೋಗಲು ಶುರುವಾಗಿದೆ. ಮೊಬೈಲು ಅಡುಗೆಮನೆಯಲ್ಲಿ ಇತ್ತಂತೆ. ಅಲ್ಲಿಯ ತನಕ ಹೋಗಲಾಗದೆ ನಡುವೆಯೇ ಬಿದ್ದಿದ್ದಾಳೆ. ಊಟದ ಹೊತ್ತಿಗೆ ಪ್ರಕಾಶ ಫೋನ್ ಮಾಡಿ, ಎತ್ತದೇ ಇದ್ದಾಗ ಗಾಬರಿಯಾಗಿ ಓಡಿ ಬಂದಿದ್ದಾನೆ. ಲತಾಳನ್ನು ಉಳಿಸಿಕೊಂಡರು. ಗಂಡುಮಗು ಉಳಿಯಲಿಲ್ಲ. ಫೋನ್ ಕೆಳಗಿಟ್ಟು ಅಮ್ಮನಿಗೆ ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಅಮ್ಮ ನೆಲದ ಮೇಲೆ ಕೂತವಳು, “ನಾನು ಹೋಗ್ಬೇಕು, ಅವ್ಳಿಗೆ ಬಾಣಂತನ ಆಗ್ಬೇಕು” ಅಂತ ಅದೊಂದನ್ನೇ ಹೇಳುತ್ತಿದ್ದಳು.

ಬುಧವಾರದ ವಿಮಾನಕ್ಕೇ ಹೋದಳು. ಏರ್‌ಪೋರ್ಟಿನಲ್ಲಿ ಮಾಸ್ಕ್ ಹಾಕಿದ ಹುಡುಗಿ ಕಾಗದ ನೋಡಿ, “ಮಗಳ ಡೆಲಿವರೀನಾ ಆಂಟಿ?” ಅಂತ ನಗುತ್ತಾ ಕೇಳಿದಳು. ಅಮ್ಮ ಹೌದು ಅಂತ ತಲೆ ಆಡಿಸಿದಳು. ಮಸ್ಕತ್‌ನಲ್ಲಿ ಮಗುವಿಲ್ಲದ ಬಾಣಂತನ ಮಾಡಿದಳು. ಎಣ್ಣೆ ಹಚ್ಚಿ ನೀರು ಹಾಕಿದಳು, ಮೆಣಸು ಬೆಳ್ಳುಳ್ಳಿಯ ಸಾರು ಮಾಡಿ ಹಾಕಿದಳು, ಎದೆಹಾಲು ಕಟ್ಟಿ ನೋವಾದಾಗ ಬಟ್ಟೆ ಸುತ್ತಿದಳು. ಆಗಲೇ ಲತಾಗೆ ನಡೆದದ್ದೆಲ್ಲ ಹೇಳಿದಳಂತೆ. ಲತಾ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳಂತೆ, ಅಷ್ಟೇ.

ಮುಂದಿನ ವರ್ಷ ಲತಾ ಊರಿಗೆ ಬಂದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮೂವರೂ ಇದ್ದೆವು. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವಳೇ ಮಾತು ತೆಗೆದು, “ಅವತ್ತು ಹೊರಟುಬಿಡ್ಬೇಕಿತ್ತು ಕಣೇ ನಾನು” ಅಂದಳು.

“ಅದಕ್ಕೆ ನಂಗೆ ಬೇಜಾರಿಲ್ಲಮ್ಮ. ನೀನು ಬರ್ದೇ ಇದ್ದಿದ್ದು ಸರೀನೇ. ನಿನ್ನ ಜಾಗದಲ್ಲಿ ನಾನಿದ್ರೂ ಬರ್ತಿರ್ಲಿಲ್ಲ” ಅಂದಳು ಲತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರೆ ಮೇಲಿನ ಮನೇಲಿ ಒಬ್ರು ಮಲಯಾಳಿ ಆಂಟಿ ಇದ್ರು. ನಿಮ್ಮಮ್ಮ ಬರೋವರ್ಗೂ ಹಗಲೊತ್ತು ನಿನ್ನ ಜೊತೆ ಇರ್ತೀನಿ ಅಂತ ದಿನಾ ಬಂದು ಕೇಳೋರು. ನಾನೇ ಬೇಡ ಅಂತಿದ್ದೆ. ನಾಳೆ ಅಮ್ಮ ಬರ್ತಾರೆ ಆಂಟಿ, ನಾಳೆ ಬರ್ತಾರೆ ಅಂತ. ನೀನು ಅವತ್ತೇ ನಿಜ ಹೇಳಿದ್ದಿದ್ರೆ ಅವರನ್ನ ಇಟ್ಕೋತಿದ್ದೆ.”

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನೇ ಒಲೆ ಆರಿಸಿದೆ. ಅಮ್ಮ ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ಅವತ್ತು ಅವಳು ಊಟ ಮಾಡಲಿಲ್ಲ. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ಕಮಲಮ್ಮ ಎದುರು ಮನೆಯಲ್ಲೇ ಇದ್ದಾರೆ. ಅವರಿಗೆ ಅಮ್ಮನ ಮುಖ ನೋಡಲು ಆಗದ ತಿಂಗಳುಗಳಲ್ಲಿ ಅಮ್ಮನೇ ರಸ್ತೆ ದಾಟಿ ಹೋಗಿ ಕೂತು ಬರುತ್ತಿದ್ದಳು.

ಒಳ್ಳೆಯದಕ್ಕೆ ಅಂತ ಬಚ್ಚಿಟ್ಟ ಒಂದು ಮಾತು ಎಂಥದ್ದನ್ನು ಕಸಿದುಕೊಳ್ಳಬಹುದು ಅಂತ ನೆನೆದರೆ ನನಗೆ ಇಂದಿಗೂ ಭಯವಾಗುತ್ತದೆ. ಲತಾಗೆ ಆಮೇಲೆ ಮಗಳು ಹುಟ್ಟಿ, ಅವಳೀಗ ಸ್ಕೂಲಿಗೆ ಹೋಗುತ್ತಾಳೆ. ಅಮ್ಮ ದಿನವೂ ಮಸ್ಕತ್‌ಗೆ ಫೋನ್ ಮಾಡುತ್ತಾಳೆ. ಮಾಡಿದರೆ ಏನನ್ನೂ ಬಿಡುವುದಿಲ್ಲ. ಸಕ್ಕರೆ ಏರಿದ್ದು, ಬಚ್ಚಲಲ್ಲಿ ಜಾರಿದ್ದು, ನಾನು ಬೈದದ್ದು, ಎದೆ ಒಂದು ಚೂರು ಹಿಡಿದ ಹಾಗಾಗಿ ಸರಿಹೋದದ್ದು, ಎಲ್ಲ ಹೇಳುತ್ತಾಳೆ. “ಸಾಕಮ್ಮ, ನಂಗೆ ಭಯ ಆಗತ್ತೆ” ಅಂತ ಲತಾ ಅಂದರೂ ನಿಲ್ಲಿಸುವುದಿಲ್ಲ. “ಭಯ ಆದ್ರೆ ಆಗ್ಲಿ, ಕೇಳ್ಕೋ” ಅನ್ನುತ್ತಾಳೆ.